ಕೆರೆಯಂಗಳದ ಡೇರೆ ಎಷ್ಟು ಹಗುರ?

ಕೆರೆ ದಂಡೆಯಲ್ಲಿ ರೆಸಾರ್ಟ್ ಬೇಡ, ಟೆಂಟ್ ಆದರೆ ಅಡ್ಡಿಯಿಲ್ಲ ಎಂಬ ಅಭಿಪ್ರಾಯ ಈಗ ಬಹಳ ಮಂದಿಯದು. ಅದರಲ್ಲೂ ಪರಿಸರದ ಬಗ್ಗೆ ನಿಜವಾದ ಕಾಳಜಿ ಇರುವವರದು. ಅವರ ವಾದವನ್ನು ಮೊದಲು ಅದರ ಪೂರ್ತಿ ಬಲದೊಂದಿಗೆ ಮುಂದಿಡುವುದು ನ್ಯಾಯ. ರೆಸಾರ್ಟ್ ಎಂದರೆ ಸಿಮೆಂಟು, ಬೋರ್‌ವೆಲ್, ಈಜುಕೊಳ, ಕಾಂಪೌಂಡು. ಒಮ್ಮೆ ಎದ್ದು ನಿಂತರೆ ಮತ್ತೆ ಅಲುಗುವುದಿಲ್ಲ. ಟೆಂಟ್ ಎಂದರೆ ನಾಲ್ಕು ಕಡ್ಡಿ, ಒಂದು ಬಟ್ಟೆ. ಶನಿವಾರ ಸಂಜೆ ಹಾಕಿ ಭಾನುವಾರ ಬೆಳಿಗ್ಗೆ ಮಡಚಿಕೊಂಡು ಹೋದರೆ ನೆಲ ಮೊದಲಿನಂತೆಯೇ ಇರುತ್ತದೆ. ಕ್ಯಾರವಾನ್ ಆದರೋ ತನ್ನ ಮನೆಯನ್ನು ತಾನೇ ತಂದು ತಾನೇ ಒಯ್ಯುತ್ತದೆ. ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಸುತ್ತಿನ ಕೆರೆಗಳ ಅಂಗಳ, ಹಿನ್ನೀರಿನಂಚಿನ ಜಾಲಿ ಮತ್ತು ನೀಲಗಿರಿ ತೋಪುಗಳು, ಅಲ್ಲಲ್ಲಿ ಉಳಿದಿರುವ ಕಾವಲುಗಳೆಂಬ ಹಳೆಯ ಮೇವಿನ ಬಯಲುಗಳು ವರ್ಷದ ಬಹುಪಾಲು ಸುಮ್ಮನೆ ಬಿದ್ದಿರುತ್ತವೆ. ಬೆಂಗಳೂರಿನಿಂದ ಎರಡು ಗಂಟೆಯ ದಾರಿ. ವಾರಕ್ಕೊಮ್ಮೆ ಹತ್ತಾರು ಜನ ಬಂದು ಮಲಗಿ ಎದ್ದು ಹೋದರೆ ಗ್ರಾಮ ಪಂಚಾಯಿತಿಗೆ ನಾಲ್ಕು ಕಾಸು, ಊರ ಹುಡುಗರಿಗೆ ಕೆಲಸ. ಮೇಲಾಗಿ ಜನರ ಕಣ್ಣಿಗೆ ಬಿದ್ದ ಜಾಗವನ್ನು ಒತ್ತುವರಿದಾರ ಅಷ್ಟು ಸುಲಭವಾಗಿ ನುಂಗಲಾರ. ಕೆರೆಯನ್ನು ಕಣ್ಣಾರೆ ಕಂಡು, ಅದರ ಪಕ್ಕ ಒಂದು ರಾತ್ರಿ ಮಲಗಿದ ಮಕ್ಕಳು ಮುಂದೆ ಅದರ ಪರ ನಿಲ್ಲುತ್ತಾರೆ. ಇದು ವಾದ. ಇದರಲ್ಲಿ ಕೆಟ್ಟ ಉದ್ದೇಶ ಎಲ್ಲೂ ಇಲ್ಲ. ಆದರೆ ಬಿಡಿಸಿ ನೋಡಿದರೆ ಇದು ಮೂರು ನಂಬಿಕೆಗಳ ಮೇಲೆ ನಿಂತಿದೆ:

1. ಟೆಂಟ್ ಏನನ್ನೂ ಕಟ್ಟುವುದಿಲ್ಲ. ಆದ್ದರಿಂದ ಅದಕ್ಕೆ ಭಾರವಿಲ್ಲ.

2. ಕೆರೆಯಂಗಳ, ತೋಪು, ಕಾವಲು ಖಾಲಿ ಇರುವ ಜಾಗಗಳು.

3. ಹೊರಗಿನವರು ಮೆಚ್ಚಿದ ಜಾಗ ಉಳಿದುಕೊಳ್ಳುತ್ತದೆ.

ಮೊದಲನೆಯದು ಅರ್ಧ ನಿಜ, ಎರಡನೆಯದು ಸುಳ್ಳು, ಮೂರನೆಯದು ಏನನ್ನು ಮೆಚ್ಚುತ್ತಾರೆ ಎಂಬುದರ ಮೇಲೆ ನಿಂತದ್ದು. ಎರಡನೆಯದು ಬಿದ್ದರೆ ಉಳಿದೆರಡೂ ನಿಲ್ಲಲಾರವು, ಆದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಟೆಂಟ್ ಹಗುರ ಎನ್ನುವಾಗ ಎರಡು ಬೇರೆ ಸಂಗತಿಗಳು ಬೆರೆತುಹೋಗುತ್ತವೆ: ವಸ್ತುವಿನ ಭಾರ ಮತ್ತು ಬಳಕೆಯ ಭಾರ. ನೆಲ ಹೊರಬೇಕಾದ್ದು ಬಟ್ಟೆಯ ಡೇರೆಯನ್ನಲ್ಲ. ಅದರೊಳಗೆ ಮಲಗುವವರ ಓಡಾಟವನ್ನು, ಅಡುಗೆಯನ್ನು, ಮಲಮೂತ್ರವನ್ನು, ಅವರನ್ನು ಕರೆತಂದ ವಾಹನವನ್ನು. ಅಮೆರಿಕದವರಿಗೆ ಇದು ನೂರು ವರ್ಷದ ಹಿಂದೆಯೇ ಅರಿವಿಗೆ ಬಂತು. ಕಾರುಗಳು ಜನಸಾಮಾನ್ಯರ ಕೈಗೆಟುಕಿ, ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡುಗಳಲ್ಲಿ ಮರದ ಬುಡಕ್ಕೇ ಬಂದು ಬಿಡಾರ ಹೂಡುವುದು ರೂಢಿಯಾದಾಗ, ಸಸ್ಯರೋಗ ತಜ್ಞ ಇ.ಪಿ. ಮೈನೆಕೆ ಆ ಮರಗಳ ಬುಡದ ಮಣ್ಣನ್ನು ಪರೀಕ್ಷಿಸಿದರು. ಅವರು ಕಂಡ ಶತ್ರು ಕೀಟವಲ್ಲ, ಶಿಲೀಂಧ್ರವಲ್ಲ. ಕಾಲು ಮತ್ತು ಚಕ್ರ. ತುಳಿದು ತುಳಿದು ಗಟ್ಟಿಯಾದ ಮಣ್ಣಿಗೆ ಗಾಳಿಯೂ ನೀರೂ ಇಳಿಯದೆ ಬೇರುಗಳಿಗೆ ಕುತ್ತು ಬಂದಿತ್ತು. 1930ರ ದಶಕದ ಆರಂಭದಲ್ಲಿ ಅವರು ಸೂಚಿಸಿದ ಪರಿಹಾರವೇ ಇವತ್ತು ನಾವು ಚಿತ್ರಗಳಲ್ಲಿ ಕಾಣುವ ಕ್ಯಾಂಪ್‌ಗ್ರೌಂಡ್: ಏಕಮುಖ ಸುತ್ತುರಸ್ತೆ, ಪ್ರತಿ ಬಿಡಾರಕ್ಕೂ ಗೊತ್ತುಮಾಡಿದ ಒಂದೇ ಜಾಗ, ಕಾರು ಅದರಾಚೆ ಹೋಗದಂತೆ ಬಂಡೆ ಮತ್ತು ದಿಮ್ಮಿಗಳ ತಡೆ, ಅಲುಗದ ಮೇಜು, ಅಲುಗದ ಒಲೆ. ಕ್ಯಾರವಾನ್‌ಗಳು ಬಂದ ಮೇಲೆ ಅದಕ್ಕೆ ನೀರಿನ ಕೊಳಾಯಿ, ವಿದ್ಯುತ್ ಸಂಪರ್ಕ, ಮಲದ ಟ್ಯಾಂಕ್ ಖಾಲಿಮಾಡುವ ಗುಂಡಿ ಸೇರಿಕೊಂಡವು. ಅಂದರೆ ಸರೋವರದ ಪಕ್ಕ ಮರಗಳ ನಡುವೆ ಏನೂ ಕಟ್ಟದಂತೆ ಕಾಣುವ ಆ ಪ್ರಶಾಂತ ಶಿಬಿರ ಯೋಚಿಸಿ ಕಟ್ಟಿದ ಜಾಗ. ಕಟ್ಟಿದ್ದರಿಂದಲೇ ಸುತ್ತಲಿನ ಕಾಡು ಉಳಿದಿದೆ. ನಾವು ಚಿತ್ರವನ್ನು ತಂದೆವು, ಕಟ್ಟುಪಾಡನ್ನು ಅಲ್ಲೇ ಬಿಟ್ಟೆವು.

ಬಿಡಾರದ ನೆಲವನ್ನು ಅಳೆದು ನೋಡಿದ ಮುಂದಿನ ಅಧ್ಯಯನಗಳು ಇನ್ನೊಂದು ಸಂಗತಿಯನ್ನು ತೋರಿಸಿವೆ. ಅದು ನಮ್ಮ ಸಹಜ ಊಹೆಗೆ ವಿರುದ್ಧವಾದದ್ದು. ಹುಲ್ಲು ಮತ್ತು ಮಣ್ಣಿಗೆ ಆಗುವ ಹಾನಿಯ ಹೆಚ್ಚಿನ ಪಾಲು ಮೊದಲ ಕೆಲವೇ ರಾತ್ರಿಗಳಲ್ಲಿ ಆಗಿಹೋಗುತ್ತದೆ. ಆಮೇಲೆ ನೂರು ಜನ ಬಂದರೂ ಹೆಚ್ಚುವುದು ಸ್ವಲ್ಪವೇ. ಹೀಗಾಗಿ ‘ಒಂದೇ ಕಡೆ ಗುಂಪು ಸೇರುವುದು ಬೇಡ, ಈ ವಾರ ಈ ಕೆರೆ, ಮುಂದಿನ ವಾರ ಆ ಕೆರೆ’ ಎಂಬ ಸದುದ್ದೇಶದ ಕ್ರಮವೇ ಹೆಚ್ಚು ನೆಲವನ್ನು ಕೆಡಿಸುತ್ತದೆ. ಡೇರೆ ಹಾಕುವುದು ಕಾನೂನಿನ ಹಕ್ಕೇ ಆಗಿರುವ ಸ್ಕಾಟ್ಲೆಂಡ್ ಕೂಡ ಇದರಿಂದ ಪಾರಾಗಲಿಲ್ಲ. 2003ರ ಭೂಸುಧಾರಣಾ ಕಾಯ್ದೆ ಅಲ್ಲಿ ಎಲ್ಲರಿಗೂ ಆ ಹಕ್ಕು ಕೊಟ್ಟಿತು. ಆದರೆ ಲಾಕ್ ಲೋಮಂಡ್ ಸರೋವರದ ಪೂರ್ವ ದಡದಲ್ಲಿ 2011ರಲ್ಲೇ ನಿರ್ಬಂಧ ಹಾಕಬೇಕಾಯಿತು. 2017ರಿಂದ ಆ ರಾಷ್ಟ್ರೀಯ ಉದ್ಯಾನದ ಹಲವು ಸರೋವರ ದಡಗಳಲ್ಲಿ ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಪರವಾನಗಿ ಇಲ್ಲದೆ ಡೇರೆ ಹಾಕುವಂತಿಲ್ಲ. ಅಲ್ಲಿನ ಸರೋವರ ಹಿಮನದಿ ಕೊರೆದದ್ದು, ಅದರ ಕೆಳಗೆ ಗದ್ದೆಗೆ ನೀರು ಕಾಯುವವರಿಲ್ಲ. ನಮ್ಮದು ಹಾಗಲ್ಲ.

ಹಾಗಾದರೆ ನಮ್ಮದು ಏನು? ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂದು ಲೆಕ್ಕ. ಹೆಚ್ಚುಕಡಿಮೆ ಎಲ್ಲವೂ ಮನುಷ್ಯರು ಕಟ್ಟಿದವು. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು ಇವೆಲ್ಲ ಸೇರಿದರೆ ಒಂದು ಕೆರೆ. ಅದು ತುಂಬುವುದೂ ಬರಿದಾಗುವುದೂ ಎರಡೂ ಅದರ ಕೆಲಸವೇ. ಹಾಗಾಗಿ ಕೆರೆಗೆ ನೆಲೆನಿಂತ ದಂಡೆ ಎಂಬುದಿಲ್ಲ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಜವಾಬ್ದಾರಿಯುತ ಶಿಬಿರಾರ್ಥಿಯ ಆತ್ಮವಿಶ್ವಾಸ ನಿಂತಿರುವುದು ಒಂದು ನಿಯಮದ ಮೇಲೆ. ‘ಲೀವ್ ನೋ ಟ್ರೇಸ್’ ಎಂಬ ಅಮೆರಿಕದ ಸಂಸ್ಥೆಯ ಸೂತ್ರಗಳು ಈಗ ನಮ್ಮ ಚಾರಣ ತಂಡಗಳಿಗೂ ಬಾಯಿಪಾಠ. ಅವುಗಳ ಪ್ರಕಾರ ಮಲವಿಸರ್ಜನೆಗೆ ನೀರಿನಿಂದ 200 ಅಡಿ ದೂರ ಹೋಗಬೇಕು, ಆರರಿಂದ ಎಂಟು ಅಂಗುಲ ಗುಂಡಿ ತೋಡಿ ಮುಚ್ಚಬೇಕು. ದಡ ಅಲುಗದ ಬೆಟ್ಟದ ಸರೋವರಕ್ಕೆ ಇದು ಸರಿಯಾದ ನಿಯಮ. ನಮ್ಮ ಬಯಲುಸೀಮೆಯ ಕೆರೆಯ ಅಂಗಳ ತಟ್ಟೆಯಂತೆ ಮಟ್ಟಸ. ಇನ್ನೂರು ಅಡಿಗೆ ಒಂದು ಅಡಿ ಇಳಿಜಾರು ಎಂದಿಟ್ಟುಕೊಳ್ಳಿ. ಕೆರೆ ತುಂಬಿದ್ದಾಗಿನಿಂದ ನೀರು ಐದು ಅಡಿ ಇಳಿದರೆ ದಂಡೆ ಸಾವಿರ ಅಡಿ ಹಿಂದೆ ಸರಿದಿರುತ್ತದೆ. ಏಪ್ರಿಲ್ ತಿಂಗಳಲ್ಲಿ ನೀರಿನಂಚಿನಿಂದ ಪ್ರಾಮಾಣಿಕವಾಗಿ 200 ಅಡಿ ಅಳೆದು ಗುಂಡಿ ತೋಡಿದವರು ನಿಂತಿರುವುದು ಕೆರೆಯ ಹೊಟ್ಟೆಯಲ್ಲೇ; ಅಲ್ಲಿಂದ ಇನ್ನೂ ಎಂಟುನೂರು ಅಡಿ ನಡೆದರೆ ತುಂಬಿದ ಕೆರೆಯ ಅಂಚು. ಬೇಸಗೆ ಪೂರ್ತಿ ವಾರವಾರವೂ ಹೂತದ್ದು ಮಳೆ ಬಂದಾಗ, ಇಲ್ಲವೇ ಹೇಮಾವತಿ ನಾಲೆಯ ನೀರು ಬಿಟ್ಟಾಗ, ಒಟ್ಟಿಗೇ ನೀರಿನಡಿ ಸೇರುತ್ತದೆ. ಆ ನೀರು ದನಕರು ಕುಡಿಯುವ ನೀರು. ಸುತ್ತಲಿನ ಬೋರ್‌ವೆಲ್‌ಗಳಿಗೆ ಇಂಗುವ ನೀರು. ಬುಗುಡನಹಳ್ಳಿಯಂಥ ಕಡೆಯಾದರೆ ತುಮಕೂರು ನಗರವೇ ಕುಡಿಯುವ ನೀರು. ಇಲ್ಲಿ ಯಾರೂ ನಿಯಮ ಮುರಿಯಲಿಲ್ಲ ಎಂಬುದನ್ನು ಗಮನಿಸಬೇಕು. ಕೆರೆಯನ್ನು ಸರೋವರ ಎಂದು ತಿಳಿದದ್ದೇ ತಪ್ಪು, ಆ ತಪ್ಪಿನೊಳಗೆ ನಿಯಮಪಾಲನೆಯಿಂದ ಪ್ರಯೋಜನವಿಲ್ಲ.

ಈಗ ಎರಡನೆಯ ನಂಬಿಕೆಗೆ ಬರೋಣ. ಬೇಸಗೆಯ ಕೆರೆಯಂಗಳಕ್ಕೆ ಬೆಳಗಿನ ಹೊತ್ತು ಹೋಗಿ ನಿಂತರೆ ಅದು ಖಾಲಿ ಎಂದೇ ಕಾಣುತ್ತದೆ. ಆದರೆ ಅದರ ವರ್ಷವನ್ನು ಕೂಡಿಸಿ ನೋಡಿ. ನೀರು ಸರಿದ ಹಾಗೆ ಹಿಂದೆಯೇ ಮೊಳೆಯುವ ಎಳೆ ಗರಿಕೆ ಬೇಸಗೆಯಲ್ಲಿ ಊರ ದನಗಳಿಗೆ ಸಿಗುವ ಒಂದೇ ಹಸಿಮೇವು. ಪೂರ್ತಿ ಒಣಗಿದ ಮೇಲೆ ಗೋಡು ಎತ್ತುವ ಕಾಲ. ಟ್ರ್ಯಾಕ್ಟರುಗಳು ಆ ಮಣ್ಣನ್ನು ತೆಂಗಿನ, ಅಡಿಕೆಯ ಬುಡಕ್ಕೆ ಸಾಗಿಸುತ್ತವೆ. ಮೀನು ಹಿಡಿಯುವ ಹಕ್ಕು ಹರಾಜಾಗಿರುತ್ತದೆ. ತೋಪಿನ ಒಣ ಪುಳ್ಳೆ ಇವತ್ತಿಗೂ ಎಷ್ಟೋ ಮನೆಗಳ ಬಚ್ಚಲೊಲೆಗೆ ಸೌದೆ. ಶಿಬಿರದ ಬೆಂಕಿಗೆ ‘ಬಿದ್ದಿರುವ ಕಟ್ಟಿಗೆ’ ಆರಿಸುವವರು ಅದನ್ನೇ ಆರಿಸುವುದು. ಉತ್ತರದಿಂದ ಮಂದೆ ಹೊಡೆದುಕೊಂಡು ಬರುವ ಕುರಿಗಾರರು ಇಳಿದುಕೊಳ್ಳುವುದೂ ಇಲ್ಲೇ. ಈ ಬಳಕೆಗಳಲ್ಲಿ ಯಾವುದಕ್ಕೂ ಬೇಲಿಯಿಲ್ಲ, ಬೋರ್ಡಿಲ್ಲ. ಎಲ್ಲವೂ ಋತುವಿಗೆ ತಕ್ಕಂತೆ ಬಂದು ಹೋಗುವಂಥವು; ಆದ್ದರಿಂದಲೇ ವಾರಾಂತ್ಯಕ್ಕೆ ಬಂದವರ ಕಣ್ಣಿಗೆ ಅವು ಬೀಳುವುದಿಲ್ಲ. ಬೇಲಿ ಇಲ್ಲದ್ದನ್ನು ಖಾಲಿ ಎಂದು ಓದುವುದು ಪಟ್ಟಣದ ಆಸ್ತಿಕಲ್ಪನೆ. ಕಾನೂನು ಕೂಡ ಹಾಗೆ ಓದುವುದಿಲ್ಲ: 1966ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ಜಾನುವಾರಿಗೆ 30 ಎಕರೆಯಂತೆ ಗೋಮಾಳ ಬಿಡಬೇಕೆನ್ನುತ್ತವೆ. ಪಂಜಾಬಿನ ಒಂದು ಹಳ್ಳಿಯ ಕೆರೆಯ ಒತ್ತುವರಿ ಕುರಿತ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಊರೊಟ್ಟಿನ ಜಮೀನು ಊರಿನವರದೇ ಎಂದು ಎತ್ತಿಹಿಡಿದು, ಒತ್ತುವರಿ ತೆರವಿಗೆ ಕ್ರಮ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಹೇಳಿತು.

ಮನುಷ್ಯರನ್ನು ಬಿಟ್ಟರೂ ಆ ಅಂಗಳ ಖಾಲಿಯಲ್ಲ. ಮಾರ್ಚಿನಿಂದ ಜೂನ್‌ವರೆಗೆ, ಅಂದರೆ ಸರಿಯಾಗಿ ಶಾಲೆಗೆ ರಜೆ ಬಂದು ಟೆಂಟುಗಳು ಹೊರಬೀಳುವ ಕಾಲದಲ್ಲಿ, ಟಿಟ್ಟಿಭ ಹಕ್ಕಿ ಬರಿನೆಲದಲ್ಲಿ ಮೊಟ್ಟೆಯಿಡುತ್ತದೆ. ಗೂಡು ಎಂಬುದೇನೂ ಇಲ್ಲ; ಅಂಗೈಯಗಲದ ತಗ್ಗು, ಸುತ್ತ ಒಂದಿಷ್ಟು ಹರಳು, ಒಣಗಿದ ಆಡಿನ ಹಿಕ್ಕೆ, ನಡುವೆ ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆ. ಎರಡು ಮಾರು ದೂರದಲ್ಲಿ ನಿಂತರೂ ಗೊತ್ತಾಗುವುದಿಲ್ಲ. ಬೇಸಗೆಯ ನೆಲದ ಕಾವಿಗೆ ಬೇಕಾದ್ದು ಮೊಟ್ಟೆಯನ್ನು ಬೆಚ್ಚಗಿಡುವ ಹಕ್ಕಿಯಲ್ಲ, ತಂಪಾಗಿಡುವ ಹಕ್ಕಿ: ತಾಯಿಯೋ ತಂದೆಯೋ ಮೊಟ್ಟೆಯ ಮೇಲೆ ರೆಕ್ಕೆ ಕೊಂಚ ಬಿಡಿಸಿ ನೆರಳು ಕೊಡುತ್ತ ನಿಲ್ಲುತ್ತದೆ, ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗೆ ತೇವ ತಾಗಿಸುತ್ತದೆ. ಹತ್ತಿರದಲ್ಲೇ ಒಂದು ಟೆಂಟ್ ಎದ್ದು, ನಾಲ್ಕು ಜನ ಮಧ್ಯಾಹ್ನವೆಲ್ಲ ಅಲ್ಲೇ ಕುಳಿತರೆ ಹಕ್ಕಿ ಸುತ್ತ ಕೂಗುತ್ತ ಹಾರುತ್ತದೆ, ಇಳಿಯುವುದಿಲ್ಲ. ಯಾರೂ ಮೊಟ್ಟೆ ತುಳಿಯಬೇಕಿಲ್ಲ. ಬಿಸಿಲಿಗೆ ಅವು ಕೆಟ್ಟುಹೋಗುತ್ತವೆ. ಸಂಜೆ ಶಿಬಿರದವರು ಒಂದು ಕಾಗದದ ಚೂರನ್ನೂ ಬಿಡದೆ ಹೋಗಬಹುದು. ಗುರುತು ಉಳಿಸದಿರುವುದೂ ಹಾನಿ ಮಾಡದಿರುವುದೂ ಒಂದೇ ಎಂಬ ನಂಬಿಕೆ ಇಲ್ಲಿ ಒಡೆಯುತ್ತದೆ.

ಇದಕ್ಕೆ ಬರುವ ಬಲವಾದ ಆಕ್ಷೇಪವನ್ನು ಎದುರಿಸಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ವರ್ಷಕ್ಕೆ ಮೊದಲು 30, ಮುಂದೆ 60, 90 ಹೆಲಿಕಾಪ್ಟರ್ ತಯಾರಿಸುವ ಗುರಿ. ಇಷ್ಟು ದೊಡ್ಡ ಬದಲಾವಣೆಯನ್ನು ನುಂಗಿಕೊಂಡ ಸೀಮೆಯಲ್ಲಿ ಹತ್ತು ಟೆಂಟಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಕಾರ್ಖಾನೆಯ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಅದು ಇಷ್ಟು ಎಕರೆ, ಇಂಥ ಉದ್ದೇಶ, ಇಂಥವರ ತೀರ್ಮಾನ ಎಂದು ಹೆಸರು ಹೊತ್ತು ಬಂತು. ಹೆಸರಿದ್ದದ್ದನ್ನು ಒಪ್ಪಬಹುದು, ವಿರೋಧಿಸಬಹುದು, ಲೆಕ್ಕ ಕೇಳಬಹುದು. ಶಿಬಿರ ಹಾಗೆ ಬರುವುದಿಲ್ಲ. ಯಾರೂ ತೀರ್ಮಾನಿಸದೆ ಅದು ರೂಢಿಯಾಗುತ್ತದೆ. ರೂಢಿಯಾದ ಮೇಲೆ ದನ ಮೇಯಿಸಲು ಬಂದವನೇ ಅಡ್ಡ ಬಂದವನಾಗುತ್ತಾನೆ. ಇನ್ನೊಂದು ಮಾತು: ದೊಡ್ಡ ಪಾಲು ಹೋಯಿತು ಎಂಬುದು ಉಳಿದ ಪಾಲನ್ನು ಸಡಿಲಬಿಡಲು ಕಾರಣವಾಗಲಾರದು, ಬಿಗಿಯಾಗಿ ಹಿಡಿಯಲು ಕಾರಣ. ಕಾವಲುಗಳ ಚರಿತ್ರೆಯೇ ಅದನ್ನು ಹೇಳುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದ ಆ ಪಶುಸಂಪತ್ತಿಗಾಗಿ ಮೈಸೂರು ಸೀಮೆಯಲ್ಲಿ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿ ಕಾವಲು ಮೀಸಲಿತ್ತು. ಈಗ ಉಳಿದಿರುವುದು ಅದರ ಒಂದು ಸಣ್ಣ ಪಾಲು. ಪ್ರತಿ ಸಲವೂ ಕೈಬಿಟ್ಟಾಗ ಹೇಳಿದ ಮಾತು ಒಂದೇ: ಜಾಗ ಸುಮ್ಮನೆ ಬಿದ್ದಿದೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯೂ ಊರೊಟ್ಟಿನ ಜಾಗಗಳನ್ನು ಬೀಳು ಎಂದೇ ಕಂಡು ನೀಲಗಿರಿ ಹಚ್ಚಿತು; 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದರು. ಮೂರು ದಶಕದ ಮೇಲೆ, 2017ರಲ್ಲಿ, ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇವತ್ತು ‘ಕಾಡು’ ಎಂದು ಟೆಂಟಿನವರು ಮೆಚ್ಚುವ ಕೆರೆಯಂಚಿನ ತೋಪುಗಳಲ್ಲಿ ಹಲವು ಆ ಕಾಲದ ನೆಡುತೋಪುಗಳೇ.

ಹಳೆಯ ಕಾವಲಿನ ಪದ್ಧತಿಯಲ್ಲಿ ನಾವು ಕಲಿಯಬೇಕಾದ್ದೂ ಇದೆ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ನೀರು ನೆರಳಿರುವ ಬೇಸಗೆಯ ಕಾವಲು ಎಂದು ಬೇರೆ ಬೇರೆ ಇದ್ದವು. ಮಂದೆ ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು, ಬಿಟ್ಟುಬಂದ ನೆಲಕ್ಕೆ ತಿಂಗಳುಗಟ್ಟಲೆ ವಿಶ್ರಾಂತಿ. ಸಂಚಾರ ಮತ್ತು ಬಿಡಾರ ಈ ಸೀಮೆಗೆ ಹೊಸದಲ್ಲ ಎಂದು ಯಾರಾದರೂ ನನಗೆ ತಿರುಗಿ ಹೇಳಿದರೆ ಒಪ್ಪುತ್ತೇನೆ. ಕುರಿಗಾರರು ಕೆರೆಯಂಗಳದಲ್ಲಿ ಗುಡಾರ ಹಾಕಿಲ್ಲವೇ? ಅಲೆಮಾರಿಗಳು ತಲೆತಲಾಂತರದಿಂದ ಊರ ಹೊರಗಿನ ತೋಪಿನಲ್ಲಿ ಇಳಿದುಕೊಂಡಿಲ್ಲವೇ? ಹೌದು. ಆದರೆ ಕುರಿಗಾರ ಬಂದದ್ದು ಕೊಡು-ಕೊಳ್ಳುವಿಕೆಯ ಮೇಲೆ: ರೈತ ಕರೆದು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದ, ಗೊಬ್ಬರಕ್ಕೆ ಪ್ರತಿಯಾಗಿ ಕಾಳುಕಡ್ಡಿ ಇಲ್ಲವೇ ದುಡ್ಡು ಕೊಡುತ್ತಿದ್ದ. ಇನ್ನು ಅಲೆಮಾರಿಗಳ ವಿಷಯಕ್ಕೆ ಬಂದರೆ ಇಲ್ಲೊಂದು ನ್ಯಾಯದ ಪ್ರಶ್ನೆ ಎದುರಾಗುತ್ತದೆ, ಅದನ್ನು ದಾಟಿ ಹೋಗಲು ನನಗೆ ಮನಸ್ಸಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಸಂಚಾರಿ ಸಮುದಾಯಗಳನ್ನು ಹುಟ್ಟುಗಳ್ಳರೆಂದು ಪಟ್ಟಿಮಾಡಿತು. 1952ರಲ್ಲಿ ಅದು ರದ್ದಾದರೂ ಅನುಮಾನ ರದ್ದಾಗಲಿಲ್ಲ. ಪ್ಲಾಸ್ಟಿಕ್ ಹೊದೆಸಿದ ಗುಡಾರ ಊರಂಚಿನಲ್ಲಿ ಎದ್ದರೆ ಇವತ್ತಿಗೂ ಎಬ್ಬಿಸುವುದಕ್ಕೆ ಜನ ಬರುತ್ತಾರೆ. ಅದೇ ಜಾಗದಲ್ಲಿ ಬಣ್ಣದ ಟೆಂಟ್ ಎದ್ದರೆ ಅದು ಪ್ರವಾಸೋದ್ಯಮ. ನೆಲದ ದೃಷ್ಟಿಯಿಂದ ಎರಡಕ್ಕೂ ವ್ಯತ್ಯಾಸವಿಲ್ಲ. ಒಬ್ಬರಿಗೆ ಅದು ವಾರಾಂತ್ಯ, ಇನ್ನೊಬ್ಬರಿಗೆ ಮನೆ. ಊರೊಟ್ಟಿನ ಜಾಗದಲ್ಲಿ ರಾತ್ರಿ ಕಳೆಯುವ ಹಕ್ಕನ್ನು ಯಾರಿಗಾದರೂ ಕೊಡುವುದೇ ಆದರೆ, ಬೇರೆಲ್ಲೂ ಮಲಗಲು ಜಾಗವಿಲ್ಲದವರನ್ನು ಬಿಟ್ಟು ಆ ಸಾಲು ಶುರುವಾಗಕೂಡದು.

ಪ್ರಶಾಂತತೆಯ ಬಗ್ಗೆ ಒಂದು ಮಾತು. ಕೆರೆಯ ಪಕ್ಕದ ರಾತ್ರಿಯ ಮೌನ ಪ್ರಕೃತಿಯ ಕೊಡುಗೆ ಎಂದು ಬಂದವರು ಭಾವಿಸುತ್ತಾರೆ. ಬಹುಮಟ್ಟಿಗೆ ಅದು ದುಡಿಯುವವರ ವೇಳಾಪಟ್ಟಿ. ಡೇರಿಗೆ ಹಾಲು ಹಾಕಲು ನಾಲ್ಕೂವರೆಗೆ ಏಳುವವರು ಒಂಬತ್ತಕ್ಕೆ ಮಲಗುತ್ತಾರೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಟಾರ್ಚ್ ಹಿಡಿದು ತೋಟಕ್ಕೆ ಹೋಗುತ್ತಾರೆ. ರಾತ್ರಿ ನೀರಿನ ಮೇಲಿನ ತಣ್ಣನೆಯ ಗಾಳಿ ಶಬ್ದವನ್ನು ಮೇಲಕ್ಕೆ ಹೋಗಲು ಬಿಡದೆ ಬಾಗಿಸುವುದರಿಂದ ಈ ದಡದ ಮಾತು ಆ ದಡದ ಊರಿಗೆ ಹಗಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ, ಹಾಡು ಹಾಕಬೇಕೆಂದೇನಿಲ್ಲ. ಇದಕ್ಕಿಂತ ಗಂಭೀರವಾದದ್ದು ಚಿರತೆಯ ವಿಷಯ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಹಲವರು ಬಲಿಯಾದರು. ಎಂಜಲು, ಮೂಳೆ ಬಿದ್ದಲ್ಲಿ ನಾಯಿ ಸೇರುತ್ತದೆ, ನಾಯಿ ಇದ್ದಲ್ಲಿಗೆ ಚಿರತೆ ಬರುತ್ತದೆ. ಭಾನುವಾರ ಶಿಬಿರ ಎತ್ತಿದವರು ಸೋಮವಾರ ಬೆಂಗಳೂರಿನಲ್ಲಿರುತ್ತಾರೆ; ಸೋಮವಾರ ರಾತ್ರಿ ಅದೇ ತೋಪಿನ ಪಕ್ಕ ಮೋಟಾರು ಹಾಕಲು ಹೋಗುವವರು ಊರಿನವರು.

ಮೂರನೆಯ ನಂಬಿಕೆಗೆ ಹೆಚ್ಚು ಗೌರವ ಸಲ್ಲಬೇಕು, ಏಕೆಂದರೆ ಅದರ ಹಿಂದೆ ನಿಜವಾದ ಸಂಕಟವಿದೆ. ಕೆರೆಗಳನ್ನು ಊರಿನವರೇ ಕಾಪಾಡಿಕೊಂಡು ಬಂದರು ಎಂದು ಹೇಳುವಂತಿಲ್ಲ. ಒತ್ತುವರಿ ಮಾಡಿದವರು, ಚರಂಡಿ ತಿರುಗಿಸಿದವರು, ಗೋಡಿನ ಹೆಸರಿನಲ್ಲಿ ಮರಳು ತೆಗೆದವರು ಹೊರಗಿನಿಂದ ಬಂದವರಲ್ಲ. ಬೋರ್‌ವೆಲ್ ಬಂದ ಮೇಲೆ ತೂಬಿನ ನೀರಿನ ಅವಲಂಬನೆ ತಗ್ಗಿ, ಆ ನೀರು ಹಂಚುವ ನೀರುಗಂಟಿಯ ಕೆಲಸಕ್ಕೆ ಬೆಲೆಯಿಲ್ಲದಾಗಿ ಕೆರೆ ಅನಾಥವಾದದ್ದು ನಿಜ. 2017ರ ಕೇಂದ್ರದ ಜೌಗುಪ್ರದೇಶ ನಿಯಮಗಳು ಕುಡಿಯುವ ನೀರಿಗೆ, ನೀರಾವರಿಗೆ ಮನುಷ್ಯರು ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿದ್ದರಿಂದ ನಮ್ಮ ಕೆರೆಗಳಿಗೆ ಆ ರಕ್ಷಣೆಯೂ ಇಲ್ಲ. ಇಂಥ ಸ್ಥಿತಿಯಲ್ಲಿ ಹೊರಗಿನ ಮೆಚ್ಚುಗೆ ನೆರವಾಗದೇ ಎಂದು ಕೇಳಿದರೆ, ಏನನ್ನು ಮೆಚ್ಚುತ್ತಾರೆ ಎಂದು ಮರಳಿ ಕೇಳಬೇಕು. ಶಿಬಿರಕ್ಕೆ ಬೇಕಾದ್ದು ವರ್ಷವಿಡೀ ತುಂಬಿ ನಿಂತ ನೀರಿನ ನೋಟ, ದಂಡೆಯಲ್ಲಿ ಮರ. ಕೆರೆಗೆ ಬೇಕಾದ್ದು ತೂಬು ಎತ್ತುವುದು, ಬರಿದಾಗುವುದು, ಹೂಳು ತೆಗೆಯುವುದು, ಏರಿಯ ಮೇಲೆ ಬೇರು ಬಿಡುವ ಗಿಡ ಕೀಳುವುದು. ನೋಟಕ್ಕೆ ಬೆಲೆ ಬಂದರೆ ನೀರು ಬಿಡುವುದಕ್ಕೆ ವಿರೋಧ ಹುಟ್ಟುತ್ತದೆ. ಹೇಮಾವತಿ ನೀರಿನ ಪಾಲಿಗಾಗಿ, ಆ ನೀರನ್ನು ಬೇರೆಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಬೇಡವೆಂದು ಗುಬ್ಬಿ ಸೀಮೆಯ ಜನ ಬೀದಿಗಿಳಿದದ್ದು ಮೊನ್ನೆ ಮೊನ್ನೆ. ಅಂಥ ಕಡೆ ಕೆರೆಯ ನೀರಿಗೆ ಇನ್ನೊಬ್ಬ ಹಕ್ಕುದಾರನನ್ನು, ಅದೂ ನೀರು ಅಲುಗಬಾರದೆನ್ನುವವನನ್ನು, ತಂದು ನಿಲ್ಲಿಸುವುದು ಜಾಣತನವಲ್ಲ.

ನೋಟವಾಗಿ ಮಾತ್ರ ಕಂಡ ನೀರು ಅಪಾಯಕ್ಕೂ ದಾರಿ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಆದದ್ದು. ಅದರ ವಿಶೇಷ ತಾನಾಗಿಯೇ ಕೆಲಸ ಮಾಡುವ ಸೈಫನ್. ಗೇಟು ಎತ್ತುವವರು ಬೇಕಿಲ್ಲ, ಸೈರನ್ ಊದಿ ಎಚ್ಚರಿಸುವವರು ಇರಲೇಬೇಕೆಂದಿಲ್ಲ. ನೀರಿನ ಮಟ್ಟ ಗೊತ್ತಾದ ಗೆರೆ ದಾಟಿದೊಡನೆ ಮೇಲ್ಮುಚ್ಚಿದ ಕೊಳವೆಯೊಳಗೆ ತೆಳ್ಳಗೆ ಹರಿಯತೊಡಗುವ ನೀರು ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ; ಗಾಳಿ ಖಾಲಿಯಾದ ಗಳಿಗೆಗೆ ಕೊಳವೆ ತುಂಬಿ, ಅದುವರೆಗೆ ಜಿನುಗುತ್ತಿದ್ದುದು ಒಮ್ಮೆಗೇ ಪೂರ್ಣ ರಭಸದಲ್ಲಿ ಹೊರಬೀಳುತ್ತದೆ. ಕೋಡಿಯ ನೀರಿನಂತೆ ಹಂತಹಂತವಾಗಿ ಏರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಅಲ್ಲಿಗೆ ವಿಹಾರಕ್ಕೆ ಹೋಗಿ ನೀರಿಗಿಳಿದಿದ್ದ ಒಂದೇ ಕುಟುಂಬದವರು ಹೀಗೆ ಹಠಾತ್ತನೆ ಬಂದ ನೀರಿಗೆ ಸಿಕ್ಕಿ ಕೊಚ್ಚಿಹೋದರು. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಮಾರ್ಕೋನಹಳ್ಳಿಯಂಥ ಜಲಾಶಯಗಳು ಕೆಲಸ ಮಾಡುತ್ತಿರುವ ಯಂತ್ರಗಳು ಎಂದು ನಾವು ಯಾರಿಗೂ ಹೇಳಿಕೊಡುತ್ತಿಲ್ಲ. ಪ್ರಶಾಂತ ತಾಣ ಎಂದು ಹೊಗಳಿ ಕಳಿಸುತ್ತಿದ್ದೇವೆ.

ಹಾಗಾದರೆ ಟೆಂಟ್ ಎಲ್ಲಿ ಹಾಕಬೇಕು? ನಕ್ಷತ್ರದಡಿ ಮಲಗಬೇಕೆಂಬ ಆಸೆ ಒಳ್ಳೆಯದು, ಪಟ್ಟಣದ ಮಕ್ಕಳಿಗೆ ಅದು ಸಿಗಲೇಬೇಕು. ಉತ್ತರ ಗುಬ್ಬಿ, ಕುಣಿಗಲ್ ಸೀಮೆಯಲ್ಲೇ ಇದೆ: ರೈತನ ತೋಟ. ತೆಂಗಿನ ಸಾಲುಗಳ ನಡುವೆ ನೆರಳಿದೆ, ಬಾವಿಯೋ ಬೋರ್‌ವೆಲ್ಲೋ ಇದೆ, ಮನೆಯವರ ಕಾವಲಿದೆ. ಸಾಗುವಳಿಯಾದ ಮಣ್ಣನ್ನು ಮತ್ತೆ ಉತ್ತು ಸಡಿಲ ಮಾಡಬಹುದು. ಅಲ್ಲಿ ಒಂದು ಗಟ್ಟಿ ಶೌಚಾಲಯ, ಗೊತ್ತುಮಾಡಿದ ಒಲೆ, ಹತ್ತು ಬಿಡಾರಕ್ಕೆ ಹತ್ತೇ ಜಾಗ. ಕ್ಯಾರವಾನ್‌ಗಂತೂ ನೀರಿನ ಪಕ್ಕವೇ ನಿಲ್ಲಬೇಕಾದ ಯಾವ ಕಾರಣವೂ ಇಲ್ಲ. ನೀರು, ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವನ್ನೂ ಹೊತ್ತು ತರುವುದೇ ಅದರ ಹಿರಿಮೆ. ಅದಕ್ಕೆ ಬೇಕಾದ್ದು ಗಟ್ಟಿ ನೆಲ ಮತ್ತು ಮಲದ ಟ್ಯಾಂಕ್ ಖಾಲಿಮಾಡುವ ವ್ಯವಸ್ಥೆ. 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿ ತಂದ ಕೇರಳ, ವಾಹನದ ಜೊತೆಗೆ ಪಾರ್ಕಿನ ವಿಚಾರವನ್ನೂ ಸೇರಿಸಿಯೇ ಯೋಚಿಸಿತು. ಕನಿಷ್ಠ ಅರ್ಧ ಎಕರೆ ಜಾಗ ಬೇಕೆಂದಿತು. ನಮ್ಮಲ್ಲಿ ಬೆಂಗಳೂರು-ಹೊನ್ನಾವರ (ಬಿ.ಎಚ್.) ರಸ್ತೆಯ ಬದಿಯಲ್ಲಿ ಅಂಥ ಜಾಗ ಸಿದ್ಧವಾಗುವವರೆಗೆ ಕ್ಯಾರವಾನ್ ಬಾಡಿಗೆಗೆ ಪಡೆಯುವವರು ಒಂದೇ ಪ್ರಶ್ನೆ ಕೇಳಿದರೂ ಸಾಕು: ಈ ಟ್ಯಾಂಕನ್ನು ಎಲ್ಲಿ ಖಾಲಿ ಮಾಡುತ್ತೀರಿ?

ಇದರಿಂದ ಲಾಭ ತೋಟವಿರುವ ಅನುಕೂಲಸ್ಥನಿಗೆ ಮಾತ್ರ, ಊರಿಗಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಅದು ಸರಿಯಾದ ಆಕ್ಷೇಪ. ಪ್ರತಿ ಬಿಡಾರದ ಮೇಲೆ ಗ್ರಾಮ ಪಂಚಾಯಿತಿ ಶುಲ್ಕ ಹಾಕಲಿ, ಆ ಹಣ ಕೆರೆಯ ಖಾತೆಗೇ ಹೋಗಲಿ: ತೂಬಿನ ದುರಸ್ತಿಗೆ, ಪೂರಕ ಕಾಲುವೆಯ ಜಂಗಲ್ ತೆಗೆಯುವುದಕ್ಕೆ, ನೀರುಗಂಟಿಯ ಸಂಬಳಕ್ಕೆ. ಹಗಲು ಬಂದವರನ್ನು ಏರಿಯ ಮೇಲೆ ನಡೆಸಿಕೊಂಡು ಹೋಗಿ ತೂಬು ಕೋಡಿಗಳನ್ನು ತೋರಿಸುವ ಕೆಲಸಕ್ಕೆ ನೀರುಗಂಟಿಗಿಂತ ಬಲ್ಲವರು ಸಿಗುವುದಿಲ್ಲ. ಮೊಟ್ಟೆಯ ಕಾಲದಲ್ಲಿ ಅಂಗಳಕ್ಕೆ ಇಳಿಯುವುದು ಬೇಡ. ಏರಿಯ ಮೇಲಿಂದ ಕಾಣುವುದೇ ಬೇಕಾದಷ್ಟಿದೆ. ಹೀಗೆ ಮಾಡಿದರೆ ಕಣ್ಣು ಬಿಟ್ಟ ಕೂಡಲೇ ನೀರು ಕಾಣುವ ಸುಖ ತಪ್ಪುತ್ತದೆಯಲ್ಲ ಎಂದರೆ, ತಪ್ಪುತ್ತದೆ. ಆ ನಷ್ಟ ನಿಜವಾದದ್ದೇ, ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಎರಡು ಫರ್ಲಾಂಗು ನಡೆದರೆ ಭರ್ತಿಯಾಗುವ ನಷ್ಟ ಅದು. ಊರಿನವರ ನಷ್ಟ ಹಾಗೆ ಭರ್ತಿಯಾಗುವಂಥದ್ದಲ್ಲ. ಆದ್ದರಿಂದ ಯಾವ ಕೆರೆಯ ಅಂಗಳವನ್ನೂ, ಯಾವ ಕಾವಲನ್ನೂ ಪ್ರವಾಸಿ ಜಾಗವೆಂದು ಗುರುತಿಸುವ ಮೊದಲು ಆ ಊರಿನ ಗ್ರಾಮಸಭೆಯ ಮುಂದೆ ಅದು ಬರಬೇಕು. ಸಭೆ ನಡೆಯಬೇಕಾದ್ದು ಕೆರೆ ತುಂಬಿರುವ ನವೆಂಬರಿನಲ್ಲಲ್ಲ, ಮೇವಿಗೆ ಪರದಾಡುವ ಏಪ್ರಿಲಿನಲ್ಲಿ; ದನ ಮೇಯಿಸುವವರು, ಮೀನು ಹಿಡಿಯುವವರು, ಪುಳ್ಳೆ ಆರಿಸುವ ಹೆಂಗಸರು ಅಲ್ಲಿ ಕೂತಿರಬೇಕು. ಅವರು ಬೇಡವೆಂದರೆ ವಿಷಯ ಅಲ್ಲಿಗೇ ಮುಗಿಯಬೇಕು.